ಕ್ಯಾಮೆರಾ ಕೈಗೆ ಬಂತು, ಪದಗಳು ಮಾತ್ರ ತಲೆಗೆ ಹತ್ತುತ್ತಿಲ್ಲ. ಯಾರಾದರೂ ಬಿಡಿಸಿ ಹೇಳ್ತೀರಾ?

ಹೊಸಗಣ್ಣು

ಎಲ್ಲರಿಗೂ ನಮಸ್ಕಾರ. ಚಿಕ್ಕಪ್ಪ ತಾವು ಬಳಸುತ್ತಿದ್ದ ಡಿಎಸ್‌ಎಲ್‌ಆರ್ ಕ್ಯಾಮೆರಾವನ್ನು ನನಗೆ ಕೊಟ್ಟಿದ್ದಾರೆ. ಜೊತೆಗೆ ಒಂದೇ ಲೆನ್ಸ್ ಇದೆ. ಅದರ ಮೂತಿಯ ಸುತ್ತ 18-55, 1:3.5-5.6, ಆಮೇಲೆ ಗೆರೆ ಎಳೆದ ಸೊನ್ನೆಯ ಪಕ್ಕ 52 ಎಂದು ಬರೆದಿದೆ.

ಕ್ಯಾಮೆರಾ ಜೊತೆ ಬಂದ ಪುಸ್ತಕವನ್ನು ಎರಡು ಸಲ ಓದಿದೆ. ಯಾವ ಗುಂಡಿ ಎಲ್ಲಿದೆ ಅಂತ ಗೊತ್ತಾಯಿತು. ಅದನ್ನು ಯಾವಾಗ ಒತ್ತಬೇಕು, ಯಾಕೆ ಒತ್ತಬೇಕು ಅಂತ ಗೊತ್ತಾಗಲಿಲ್ಲ. ಅಪರ್ಚರ್, ಶಟರ್, ಐಎಸ್‌ಒ, ಎಕ್ಸ್‌ಪೋಶರ್, ಮೀಟರಿಂಗ್, ಸ್ಟಾಪ್. ಒಂದು ಪದದ ಅರ್ಥ ಹುಡುಕಲು ಹೋದರೆ ಅಲ್ಲಿ ಇನ್ನೆರಡು ಹೊಸ ಪದ ಸಿಗುತ್ತವೆ.

ನನ್ನ ನಿಜವಾದ ಕಷ್ಟ ಇದು. ಹಗಲಲ್ಲಿ ಹೊರಗೆ ತೆಗೆದ ಫೋಟೊಗಳು ಚೆನ್ನಾಗಿ ಬರುತ್ತವೆ. ರಾತ್ರಿ ಮನೆಯೊಳಗೆ ಮಗಳ ಫೋಟೊ ತೆಗೆದರೆ ಹತ್ತರಲ್ಲಿ ಒಂಬತ್ತು ಕಲಸಿಹೋಗುತ್ತವೆ. ಅವಳಿಗೆ ನಾಲ್ಕು ವರ್ಷ. ಮುಖಕ್ಕೆ ಹೊಡೆಯುವ ಫ್ಲ್ಯಾಷ್ ನನಗೆ ಇಷ್ಟವಿಲ್ಲ, ಹಾಗಾಗಿ ಫ್ಲ್ಯಾಷ್ ಇಲ್ಲದ ಆಟೋ ಮೋಡ್ ಇಟ್ಟುಕೊಂಡಿದ್ದೇನೆ. ಒಬ್ಬರು ಲೆನ್ಸ್ ಸರಿಯಿಲ್ಲ ಎಂದರು. ಇನ್ನೊಬ್ಬರು ಕ್ಯಾಮೆರಾ ಹಳೆಯದಾಯಿತು, ಹೊಸದು ತಗೊಳ್ಳಿ ಎಂದರು. ಮತ್ತೊಬ್ಬರು ಐಎಸ್‌ಒ ಏರಿಸಿ ಎಂದರು. ಯಾರ ಮಾತು ಸರಿ?

ಹಳೇರೀಲು

ಹೊಸಗಣ್ಣು ಅವರೇ, ಮೊದಲು ಪದಗಳ ಪಟ್ಟಿ ಬದಿಗಿಡಿ. ಕ್ಯಾಮೆರಾ ಅಂದರೆ ಲ್ಯಾಟಿನ್‌ನಲ್ಲಿ ಕೋಣೆ. ಕತ್ತಲೆ ಕೋಣೆ, ಗೋಡೆಯಲ್ಲಿ ಒಂದು ತೂತು, ಎದುರು ಗೋಡೆಯ ಮೇಲೆ ಹೊರಗಿನ ನೋಟ ತಲೆಕೆಳಗಾಗಿ ಬೀಳುತ್ತದೆ. ಫೋಟೊ ಅನ್ನುವುದು ಹುಟ್ಟುವುದಕ್ಕೆ ಎಷ್ಟೋ ಮೊದಲೇ ಜನಕ್ಕೆ ಇದು ಗೊತ್ತಿತ್ತು. ನಿಮ್ಮ ಕೈಯಲ್ಲಿರುವುದೂ ಅದೇ ಕೋಣೆ.

ಆ ತೂತು ಎಷ್ಟು ದೊಡ್ಡದು ಅನ್ನುವುದು ಅಪರ್ಚರ್. ಬೆಳಕನ್ನು ಎಷ್ಟು ಹೊತ್ತು ಒಳಗೆ ಬಿಡುತ್ತೀರಿ ಅನ್ನುವುದು ಶಟರ್. ಎದುರು ಗೋಡೆಯೇ ಸೆನ್ಸರ್, ನಮ್ಮ ಕಾಲದಲ್ಲಿ ಅಲ್ಲಿ ಫಿಲ್ಮ್ ಇರುತ್ತಿತ್ತು. ತೂತಿನ ಜಾಗದಲ್ಲಿ ಗಾಜು ಕೂರಿಸಿದರೆ ನೋಟ ಚೂಪಾಗುತ್ತದೆ, ಅದು ಲೆನ್ಸ್. ಈ ನಾಲ್ಕು ಸಾಕು. ಉಳಿದ ಪದಗಳೆಲ್ಲ ಈ ನಾಲ್ಕರಲ್ಲಿ ಒಂದರ ಬಗ್ಗೆಯೇ ಮಾತಾಡುತ್ತವೆ.

ಕಲಸಿಹೋದ ಒಂದು ಫೋಟೊದ ಮಾಹಿತಿಯನ್ನು ಕ್ಯಾಮೆರಾದಲ್ಲೇ ತೆರೆದು ನೋಡಿ. ಅಲ್ಲಿರುವ ಅಂಕಿಗಳನ್ನು ಹಾಗೇ ಇಲ್ಲಿ ಹಾಕಿ.

ರಿಪೇರಿಮೇಜು

ಒಳಗಿನ ಭಾಗಗಳ ಬಗ್ಗೆ ನಾನು ಹೇಳುತ್ತೇನೆ, ದಿನಾ ಬಿಚ್ಚುವುದು ಅವನ್ನೇ.

ಲೆನ್ಸ್ ಬಿಚ್ಚಿದರೆ ಎದುರಿಗೆ ಓರೆಯಾಗಿ ನಿಂತ ಒಂದು ಕನ್ನಡಿ ಕಾಣುತ್ತದೆ. ಲೆನ್ಸಿಂದ ಬಂದ ಬೆಳಕನ್ನು ಅದು ಮೇಲಕ್ಕೆ ಕಳಿಸುತ್ತದೆ. ಮೇಲೆ ಮಬ್ಬುಗಾಜಿನಂಥ ಒಂದು ಪರದೆ ಇದೆ, ನೋಟ ಅದರ ಮೇಲೆ ಮೂಡುತ್ತದೆ. ಆದರೆ ಎಡಬಲ ಅದಲುಬದಲಾಗಿರುತ್ತದೆ. ಅದನ್ನು ನೆಟ್ಟಗೆ ಮಾಡಿ ನಿಮ್ಮ ಕಣ್ಣಿಗೆ ತಲುಪಿಸುವುದು ಕ್ಯಾಮೆರಾದ ನೆತ್ತಿಯಲ್ಲಿರುವ ಪೆಂಟಾಪ್ರಿಸಂ. ಹಗುರವಾದ ಮಾಡೆಲ್‌ಗಳಲ್ಲಿ ಗಾಜಿನ ಗಟ್ಟಿಯ ಬದಲು ಕನ್ನಡಿಗಳನ್ನೇ ಜೋಡಿಸಿರುತ್ತಾರೆ. ಡಿಎಸ್‌ಎಲ್‌ಆರ್ ತಲೆಯ ಮೇಲೆ ಗೂನು ಇರುವುದು ಇದರಿಂದಲೇ.

ಶಟರ್ ಗುಂಡಿಗೆ ಎರಡು ಹಂತ ಇದೆ. ಅರ್ಧ ಒತ್ತಿದಾಗ ಕ್ಯಾಮೆರಾ ಬೆಳಕು ಅಳೆಯುತ್ತದೆ, ಫೋಕಸ್ ಹುಡುಕುತ್ತದೆ. ಪೂರ್ತಿ ಒತ್ತಿದಾಗ ಕನ್ನಡಿ ಮೇಲೆ ಹಾರುತ್ತದೆ, ಲೆನ್ಸಿನೊಳಗಿನ ಎಲೆಗಳು ನೀವು ಹೇಳಿದಷ್ಟು ಮುಚ್ಚಿಕೊಳ್ಳುತ್ತವೆ, ಶಟರಿನ ಮೊದಲ ಪರದೆ ತೆರೆಯುತ್ತದೆ, ಎರಡನೇ ಪರದೆ ಬಂದು ಮುಚ್ಚುತ್ತದೆ, ಕನ್ನಡಿ ಕೆಳಗೆ ಬರುತ್ತದೆ. ಫೋಟೊ ತೆಗೆಯುವ ಕ್ಷಣದಲ್ಲೇ ವ್ಯೂಫೈಂಡರ್ (ಕಣ್ಣಿಟ್ಟು ನೋಡುವ ಕಿಂಡಿ) ಕಪ್ಪಾಗುವುದು ಯಾಕೆ ಅಂತ ಈಗ ಗೊತ್ತಾಯಿತಲ್ವಾ? ಮಿರರ್‌ಲೆಸ್ ಕ್ಯಾಮೆರಾದಲ್ಲಿ ಈ ಕನ್ನಡಿಯೂ ಇಲ್ಲ, ಪ್ರಿಸಮ್ಮೂ ಇಲ್ಲ. ಸೆನ್ಸರ್ ಕಂಡದ್ದನ್ನೇ ಪುಟ್ಟ ಪರದೆಯ ಮೇಲೆ ತೋರಿಸುತ್ತಾರೆ.

ಒಂದು ಕಳಕಳಿಯ ಮಾತು. ಆ ಕನ್ನಡಿಯನ್ನು ಬಟ್ಟೆಯಿಂದ ಒರೆಸಬೇಡಿ. ಅದರ ಹೊಳಪಿನ ಲೇಪ ಗಾಜಿನ ಹಿಂದೆ ಇಲ್ಲ, ಮುಂದೆಯೇ ಇದೆ. ಒಂದು ಸಲ ಗೀರು ಬಿದ್ದರೆ ಹೋಗುವುದಿಲ್ಲ. ಗಾಳಿ ಊದುವ ರಬ್ಬರ್ ಬುರುಡೆ ಸಾಕು, ಬಾಯಿಂದ ಊದಬೇಡಿ. ಶಟರ್ ಪರದೆಯನ್ನಂತೂ ಮುಟ್ಟಲೇಬೇಡಿ.

ಇನ್ನೊಂದು, ವ್ಯೂಫೈಂಡರ್ ಪಕ್ಕದಲ್ಲಿ ಒಂದು ಚಿಕ್ಕ ಚಕ್ರವೋ ಜಾರುವ ಗುಂಡಿಯೋ ಇದೆ. ಅದು ಡಯಾಪ್ಟರ್. ಚಿಕ್ಕಪ್ಪನವರ ಕಣ್ಣಿಗೆ ಹೊಂದಿಸಿದ್ದು ನಿಮಗೆ ಹೊಂದಬೇಕಂತಿಲ್ಲ. ಒಳಗೆ ಕಾಣುವ ಅಂಕಿಗಳು ಚೊಕ್ಕವಾಗಿ ಕಾಣುವ ತನಕ ತಿರುಗಿಸಿ.

ಹೊಸಗಣ್ಣು

ಡಯಾಪ್ಟರ್ ತಿರುಗಿಸಿದೆ. ಇಷ್ಟು ದಿನ ವ್ಯೂಫೈಂಡರ್ ಮಂಜುಮಂಜಾಗಿತ್ತು, ಈಗ ಕನ್ನಡಿ ಒರೆಸಿದ ಹಾಗಿದೆ (ಒರೆಸಿಲ್ಲ!). ತುಂಬಾ ಧನ್ಯವಾದ ಸರ್.

ಕಲಸಿಹೋದ ಫೋಟೊದ ಅಂಕಿಗಳು ಹೀಗಿವೆ: 55 ಮಿ.ಮೀ., ಎಫ್/5.6, 1/15, ಐಎಸ್‌ಒ 1600.

ಹಕ್ಕಿಬೆನ್ನಿಗೆ

1/15! ಉತ್ತರ ಅಲ್ಲೇ ಇದೆ. ಲೆನ್ಸ್ ಕೆಟ್ಟಿಲ್ಲ, ಕ್ಯಾಮೆರಾವೂ ಕೆಟ್ಟಿಲ್ಲ.

ಒಂದು ಸೆಕೆಂಡಿನ ಹದಿನೈದನೇ ಒಂದು ಪಾಲು ಕಡಿಮೆ ಹೊತ್ತು ಅನಿಸಬಹುದು. ನಾಲ್ಕು ವರ್ಷದ ಮಗುವಿಗೆ ಅದು ಬೇಕಾದಷ್ಟು ಹೊತ್ತು. ಅಷ್ಟರಲ್ಲಿ ತಲೆ ತಿರುಗಿಸುತ್ತಾಳೆ, ಕೈ ಎತ್ತುತ್ತಾಳೆ. ಆ ಓಡಾಟವೆಲ್ಲ ಒಂದೇ ಚಿತ್ರದಲ್ಲಿ ಬಳಿದ ಹಾಗೆ ಬೀಳುತ್ತದೆ.

ಇನ್ನು ಮುಂದೆ ಕಲಸಿಹೋದ ಫೋಟೊ ಬಂದರೆ ಅಳಿಸಬೇಡಿ. ದೊಡ್ಡದು ಮಾಡಿ ನೋಡಿ. ಗೋಡೆ, ಕುರ್ಚಿ, ಮಗು ಎಲ್ಲವೂ ಒಂದೇ ದಿಕ್ಕಿಗೆ ಎಳೆದ ಹಾಗಿದ್ದರೆ ನಿಮ್ಮ ಕೈ ಅಲುಗಿದೆ. ಕುರ್ಚಿ ಚೂಪಾಗಿದ್ದು ಮಗು ಮಾತ್ರ ಎಳೆದಿದ್ದರೆ ಅವಳು ಅಲುಗಿದ್ದಾಳೆ. ಅವಳ ಹಿಂದಿನ ಪರದೆ ಚೂಪಾಗಿದ್ದು ಅವಳು ಮೆತ್ತಗೆ ಮಸುಕಾಗಿದ್ದರೆ ಫೋಕಸ್ ತಪ್ಪಿದೆ. ಮೂರೂ ನೋಡಲು ಕಲಸಿದ ಹಾಗೇ ಕಾಣುತ್ತವೆ, ಮದ್ದು ಮಾತ್ರ ಮೂರಕ್ಕೂ ಬೇರೆ. ನಾನು ಹಕ್ಕಿ ಫೋಟೊ ತೆಗೆಯುವವನು. ಈ ವ್ಯತ್ಯಾಸ ಗುರುತಿಸಲು ಕಲಿತ ಮೇಲೆಯೇ ನನ್ನ ಚಿತ್ರಗಳು ಸುಧಾರಿಸಿದ್ದು.

ಕೈ ಅಲುಗಾಟಕ್ಕೆ ಹಳೆಯ ಲೆಕ್ಕ ಒಂದಿದೆ. 50 ಮಿ.ಮೀ. ಲೆನ್ಸಿಗೆ 1/50ಕ್ಕಿಂತ, 200ಕ್ಕೆ 1/200ಕ್ಕಿಂತ ನಿಧಾನಕ್ಕೆ ಇಳಿಯಬಾರದು. ಲೆನ್ಸಿನಲ್ಲಿ ಅಲುಗಾಟ ತಡೆಯುವ ಸೌಲಭ್ಯ ಇದ್ದರೆ ಇನ್ನೂ ಇಳಿಯಬಹುದು. ಆದರೆ ಆ ಸೌಲಭ್ಯ ನಿಮ್ಮ ಕೈಯನ್ನು ಮಾತ್ರ ಹಿಡಿಯುತ್ತದೆ, ಮಗುವನ್ನು ಹಿಡಿಯುವುದಿಲ್ಲ. ಮಗುವಿಗೆ 1/250 ಬೇಕು. ಅಂದರೆ ನೀವು ಇನ್ನೂ ನಾಲ್ಕು ಸ್ಟಾಪ್ ಬೆಳಕು ಹೊಂದಿಸಬೇಕು.

ಹೊಸಗಣ್ಣು

ಕುರ್ಚಿ ಚೂಪಾಗಿದೆ! ಅವಳು ಮಾತ್ರ ಎಳೆದ ಹಾಗಿದ್ದಾಳೆ. ಆದರೆ ಈ ಸ್ಟಾಪ್ ಅಂದರೆ ಏನು? ನಾಲ್ಕು ಸ್ಟಾಪ್ ಅಂತ ಹೇಗೆ ಲೆಕ್ಕ ಹಾಕಿದಿರಿ?

ಹಳೇರೀಲು

ಈ ಪ್ರಶ್ನೆಗೇ ಕಾಯುತ್ತಿದ್ದೆ. ಕ್ಯಾಮೆರಾ ಕಲಿಯುವವರು ಒಂದೇ ಪದ ಕಲಿಯಬೇಕು ಅಂದರೆ ನಾನು ಸ್ಟಾಪ್ ಅನ್ನುವ ಪದವನ್ನೇ ಆರಿಸುತ್ತೇನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಬಿಡುವಿದ್ದಾಗ ಓದಿ.

ಹಳೆಯ ಲೆನ್ಸ್‌ಗಳಲ್ಲಿ ಈಗಿನ ಹಾಗೆ ಮುಚ್ಚಿ ತೆರೆಯುವ ಎಲೆಗಳು ಎಲ್ಲದರಲ್ಲೂ ಇರಲಿಲ್ಲ. ತೂತು ಕೊರೆದ ಲೋಹದ ತಗಡುಗಳಿರುತ್ತಿದ್ದವು. ಬೇಕಾದ ಅಳತೆಯ ತಗಡನ್ನು ಲೆನ್ಸಿನ ಸೀಳಿನೊಳಗೆ ಇಳಿಬಿಡಬೇಕು. 1858ರಲ್ಲಿ ಜಾನ್ ವಾಟರ್‌ಹೌಸ್ ಎಂಬವರು ಅಂಥ ಏರ್ಪಾಡು ಮಾಡಿದರು, ಅದಕ್ಕೆ ಇಂದಿಗೂ ವಾಟರ್‌ಹೌಸ್ ಸ್ಟಾಪ್ ಎನ್ನುತ್ತಾರೆ. ಬೆಳಕನ್ನು ತಡೆಯುವ ತಗಡು, ಹಾಗಾಗಿ ಸ್ಟಾಪ್. ತಗಡು ಹೋಯಿತು, ಹೆಸರು ಉಳಿಯಿತು. ಈಗ ಅದರ ಅರ್ಥ ಇಷ್ಟೇ: ಬೆಳಕು ಎರಡರಷ್ಟಾದರೆ ಒಂದು ಸ್ಟಾಪ್ ಮೇಲೆ, ಅರ್ಧವಾದರೆ ಒಂದು ಸ್ಟಾಪ್ ಕೆಳಗೆ.

ಶಟರಿನಲ್ಲಿ ಇದು ಸುಲಭ. 1/15, 1/30, 1/60, 1/125, 1/250. ಒಂದೊಂದು ಹೆಜ್ಜೆಗೂ ಹೊತ್ತು ಅರ್ಧ. ನಾಲ್ಕು ಹೆಜ್ಜೆ, ನಾಲ್ಕು ಸ್ಟಾಪ್. (60ರ ಎರಡರಷ್ಟು 120 ಅಲ್ವಾ, 125 ಯಾಕೆ ಅಂತ ಕೇಳುವವರಿಗೆ: ಒಳಗಿನ ನಿಜವಾದ ಲೆಕ್ಕ 1/16, 1/32, 1/64, 1/128, 1/256. ನೆನಪಿಗೆ ಸುಲಭವಾಗಲಿ ಅಂತ ಹೊರಗೆ ದುಂಡು ಅಂಕಿ ಬರೆದಿದ್ದಾರೆ.) ಐಎಸ್‌ಒ (ಬಂದ ಬೆಳಕನ್ನು ಚಿತ್ರದಲ್ಲಿ ಎಷ್ಟು ದೊಡ್ಡದು ಮಾಡಿ ತೋರಿಸಬೇಕು ಅನ್ನುವ ಅಂಕಿ) ಇನ್ನೂ ಸುಲಭ: 100, 200, 400, 800, 1600, 3200.

ಅಪರ್ಚರಿನಲ್ಲಿ ಎಲ್ಲರೂ ಎಡವುವುದು. 1.4, 2, 2.8, 4, 5.6, 8, 11, 16, 22. ಅಂಕಿ ದೊಡ್ಡದಾದಷ್ಟೂ ತೂತು ಚಿಕ್ಕದು, ಅದೂ ಎರಡರಷ್ಟು ಏರುವುದಿಲ್ಲ. ಯಾಕೆ? ಎಫ್/4 ಅನ್ನುವುದು ಭಾಗಾಕಾರ. ಎಫ್ ಅಂದರೆ ಲೆನ್ಸಿನ ಫೋಕಲ್ ಲೆಂಗ್ತ್; ಸರಳವಾಗಿ ಹೇಳಿದರೆ, ದೂರದ ನೋಟ ಚೂಪಾಗಿ ಮೂಡುವಾಗ ಲೆನ್ಸಿಗೂ ಸೆನ್ಸರಿಗೂ ಇರುವ ದೂರ. 50 ಮಿ.ಮೀ. ಲೆನ್ಸಿನಲ್ಲಿ ಎಫ್/2 ಅಂದರೆ 50 ಭಾಗಿಸು 2, ತೂತಿನ ಅಗಲ 25 ಮಿ.ಮೀ. ಎಫ್/4 ಅಂದರೆ 12.5 ಮಿ.ಮೀ. ಅಗಲ ಅರ್ಧವಾದರೆ ತೂತಿನ ಜಾಗ ಕಾಲು ಭಾಗಕ್ಕೆ ಇಳಿಯುತ್ತದೆ, ಹಾಗಾಗಿ ಎಫ್/2ರಿಂದ ಎಫ್/4ಕ್ಕೆ ಎರಡು ಸ್ಟಾಪ್. ನಡುವಿನ ಒಂದು ಸ್ಟಾಪ್ ಎಫ್/2.8. ಪ್ರತಿ ಹೆಜ್ಜೆಯನ್ನೂ ಸುಮಾರು 1.4ರಿಂದ ಗುಣಿಸುತ್ತಾ ಹೋಗಿ, ಸಾಲು ತಾನಾಗಿ ಬರುತ್ತದೆ. ಬಾಯಿಪಾಠ ಮಾಡಬೇಕಿಲ್ಲ.

ಈಗ ನಿಮ್ಮ ಲೆನ್ಸಿನ ಮೂತಿ ಓದೋಣ. 18-55 ಅಂದರೆ ಫೋಕಲ್ ಲೆಂಗ್ತ್ 18ರಿಂದ 55 ಮಿ.ಮೀ. ತನಕ ಬದಲಾಗುತ್ತದೆ, ಅದೇ ಝೂಮ್. ಬದಲಾಗದ ಲೆನ್ಸಿಗೆ ಪ್ರೈಮ್ ಎನ್ನುತ್ತಾರೆ. 1:3.5-5.6 ಅಂದರೆ 18ರಲ್ಲಿ ಎಫ್/3.5ರ ತನಕ ತೆರೆಯುತ್ತದೆ, 55ರಲ್ಲಿ ಎಫ್/5.6ಕ್ಕೇ ನಿಲ್ಲುತ್ತದೆ. ಭಾಗಿಸಿ ನೋಡಿ. 18 ಭಾಗಿಸು 3.5, ಸುಮಾರು 5 ಮಿ.ಮೀ. 55 ಭಾಗಿಸು 5.6, ಸುಮಾರು 10 ಮಿ.ಮೀ. 55ರಲ್ಲಿ ತೂತು ದೊಡ್ಡದೇ ಇದೆ. ಆದರೂ ಸೆನ್ಸರಿಗೆ ಬೀಳುವ ಬೆಳಕು ಕಡಿಮೆ. ಯಾಕೆಂದರೆ 55ರಲ್ಲಿ ಲೆನ್ಸ್ ಎದುರಿನ ನೋಟದ ಚಿಕ್ಕ ತುಣುಕನ್ನು ತಂದು ಅಷ್ಟೇ ದೊಡ್ಡ ಸೆನ್ಸರಿನ ಮೇಲೆ ಹರಡುತ್ತದೆ. ಅದಕ್ಕೇ ತೂತಿನ ಅಗಲವನ್ನು ಮಾತ್ರ ಹೇಳದೆ ಭಾಗಿಸಿ ಹೇಳುವ ರೂಢಿ ಬಂತು. ಭಾಗಿಸಿದರೆ ಯಾವ ಲೆನ್ಸನ್ನು ಯಾವ ಲೆನ್ಸಿನ ಜೊತೆಗಾದರೂ ಹೋಲಿಸಬಹುದು.

ಕೊನೆಯ 52 ಅಂದರೆ ಮೂತಿಗೆ ತಿರುಗಿಸಿ ಹಾಕುವ ಫಿಲ್ಟರ್‌ನ ಅಳತೆ, ಮಿ.ಮೀ. ಲೆಕ್ಕದಲ್ಲಿ. ಮುಚ್ಚಳ ಕಳೆದುಹೋದರೆ ಆ ಅಂಕಿ ಹೇಳಿ ತರಬಹುದು.

ಈಗ ನಿಮಗೆ ಬೇಕಾದ ನಾಲ್ಕು ಸ್ಟಾಪ್ ಹುಡುಕೋಣ. ಝೂಮ್ ಹಿಂದಕ್ಕೆ ತಂದು 18ಕ್ಕೆ ಇಟ್ಟು ಮಗಳ ಹತ್ತಿರ ಹೋಗಿ. ಎಫ್/5.6 ಇದ್ದದ್ದು ಎಫ್/3.5 ಆಗುತ್ತದೆ, ಒಂದೂಕಾಲು ಸ್ಟಾಪಿಗಿಂತ ಚೂರು ಜಾಸ್ತಿ ಸಿಕ್ಕಿತು. ಐಎಸ್‌ಒ 1600ರಿಂದ 3200, ಇನ್ನೊಂದು. ಇಷ್ಟಕ್ಕೇ 1/15 ಇದ್ದದ್ದು 1/80ರ ಹತ್ತಿರ ಬಂತು. ಉಳಿದದ್ದನ್ನು ಕ್ಯಾಮೆರಾದಲ್ಲಿ ಹುಡುಕಬೇಡಿ, ಕೋಣೆಯಲ್ಲಿ ಹುಡುಕಿ. ಮೇಜಿನ ದೀಪ ಎರಡು ಮೀಟರ್ ದೂರ ಇದ್ದರೆ ಒಂದು ಮೀಟರಿಗೆ ತನ್ನಿ. ದೂರ ಅರ್ಧವಾದರೆ ಆ ದೀಪದಿಂದ ಮುಖಕ್ಕೆ ಬೀಳುವ ಬೆಳಕು ನಾಲ್ಕರಷ್ಟಾಗುತ್ತದೆ. ಅಂದರೆ ಎರಡು ಸ್ಟಾಪ್. ಯಾವ ಗುಂಡಿಯನ್ನೂ ಮುಟ್ಟದೆ ಸಿಕ್ಕಿದ ಎರಡು ಸ್ಟಾಪ್ ಅದು.

ಹೊಸಗಣ್ಣು

ಇದನ್ನು ಕಾಗದದ ಮೇಲೆ ಬರೆದುಕೊಂಡು ಲೆಕ್ಕ ಮಾಡಿದೆ. ಮೂರೂ ಅಂಕಿಗಳು ಒಂದೇ ಅಳತೆಯಲ್ಲಿ ಮಾತಾಡುತ್ತಿವೆ ಅಂತ ಯಾರೂ ಹೇಳಿರಲಿಲ್ಲ ಸರ್. ಇವತ್ತೇ ರಾತ್ರಿ ತೆಗೆದು ನೋಡುತ್ತೇನೆ.

ಪಿಕ್ಸೆಲ್‌ಪ್ರಿಯ

ಚೆನ್ನಾಗಿ ವಿವರಿಸಿದ್ದೀರಿ. ಒಂದು ಮಾತು ಸೇರಿಸುತ್ತೇನೆ. ಐಎಸ್‌ಒ ಏರಿಸಿದರೆ ಸೆನ್ಸರ್ ಸೂಕ್ಷ್ಮವಾಗುತ್ತದೆ, ಹೆಚ್ಚು ಬೆಳಕು ಹೀರಿಕೊಳ್ಳುತ್ತದೆ. ಅದರಿಂದಲೇ ಚಿತ್ರದಲ್ಲಿ ಕಾಳುಕಾಳು ಬರುತ್ತದೆ. ಹಾಗಾಗಿ ಆದಷ್ಟು ಐಎಸ್‌ಒ 100ರಲ್ಲೇ ತೆಗೆಯಿರಿ.

ರಿಪೇರಿಮೇಜು

ಇಲ್ಲಿ ಒಂದು ತಿದ್ದುಪಡಿ ಬೇಕು. ಈ ತಪ್ಪು ತಿಳಿವಳಿಕೆಯಿಂದ ತುಂಬಾ ಜನ ಒಳ್ಳೆಯ ಫೋಟೊ ಕಳೆದುಕೊಳ್ಳುತ್ತಾರೆ.

ಡಿಜಿಟಲ್ ಸೆನ್ಸರ್ ಒಂದೇ. ಅದು ಬೆಳಕು ಹಿಡಿಯುವ ಶಕ್ತಿಯನ್ನು ಐಎಸ್‌ಒ ಗುಂಡಿ ಬದಲಿಸುವುದಿಲ್ಲ. ಬಂದ ಬೆಳಕಿನಿಂದ ಹುಟ್ಟಿದ ಸಣ್ಣ ವಿದ್ಯುತ್ ಸಂಕೇತವನ್ನು ಆಮೇಲೆ ದೊಡ್ಡದು ಮಾಡುವುದಷ್ಟೇ ಅದರ ಕೆಲಸ. ರೇಡಿಯೊದ ದನಿ ಏರಿಸಿದರೆ ಹಾಡೂ ಜೋರಾಗುತ್ತದೆ, ಹಿಂದಿನ ಗೊರಗೊರವೂ ಜೋರಾಗುತ್ತದೆ. ದನಿ ಏರಿಸಿದ್ದರಿಂದ ಗೊರಗೊರ ಹುಟ್ಟಲಿಲ್ಲ. ಸ್ಟೇಷನ್ನೇ ಕ್ಷೀಣವಾಗಿತ್ತು. ನಾಯ್ಸ್, ಅಂದರೆ ಆ ಕಾಳುಕಾಳು, ಬರುವುದಕ್ಕೆ ಮುಖ್ಯ ಕಾರಣ ಬೆಳಕು ಕಡಿಮೆ ಇದ್ದದ್ದು.

ಹೊಸಗಣ್ಣು ಅವರು ಐಎಸ್‌ಒ 100ರಲ್ಲಿ ತೆಗೆದರೆ ಅವರ ಶಟರ್ 1/15ರಿಂದ ನಾಲ್ಕು ಸ್ಟಾಪ್ ಕೆಳಗೆ, ಸುಮಾರು ಒಂದು ಸೆಕೆಂಡಿಗೆ ಇಳಿಯುತ್ತದೆ. ಮಗು ಒಂದು ಸೆಕೆಂಡು ಕಲ್ಲಿನ ಹಾಗೆ ನಿಲ್ಲುತ್ತದೆಯೇ? ಕಾಳುಕಾಳಾದ ಚೂಪು ಚಿತ್ರವನ್ನು ಆಮೇಲೆ ಸರಿಮಾಡಬಹುದು. ನುಣುಪಾಗಿ ಕಲಸಿದ ಚಿತ್ರವನ್ನು ಏನೂ ಮಾಡಲಾಗುವುದಿಲ್ಲ.

ಪಿಕ್ಸೆಲ್‌ಪ್ರಿಯ

ಒಪ್ಪಿದೆ ಸರ್. ಒಂದೇ ಶಟರ್, ಒಂದೇ ಅಪರ್ಚರ್ ಇಟ್ಟು ಈಗ ಎರಡು ಫೋಟೊ ತೆಗೆದೆ. ಒಂದು ಐಎಸ್‌ಒ 3200ರಲ್ಲಿ. ಇನ್ನೊಂದು 400ರಲ್ಲಿ ತೆಗೆದು ಕಂಪ್ಯೂಟರಿನಲ್ಲಿ ಮೂರು ಸ್ಟಾಪ್ ಏರಿಸಿದ್ದು. ಕಾಳು ಎರಡರಲ್ಲೂ ಇದೆ. 400ರ ಚಿತ್ರದ ನೆರಳುಗಳಲ್ಲಿ ಇನ್ನೂ ಸ್ವಲ್ಪ ಜಾಸ್ತಿಯೇ ಇದೆ. ಇಷ್ಟು ವರ್ಷ ತಪ್ಪಾಗಿ ತಿಳಿದಿದ್ದೆ. ಹೇಳಿದ್ದಕ್ಕೆ ಧನ್ಯವಾದ.

ಹಳೇರೀಲು

ಆ ತಿಳಿವಳಿಕೆ ಫಿಲ್ಮ್ ಕಾಲದಿಂದ ಬಂದದ್ದು. ಆಗ ಅದು ನಿಜವೇ ಆಗಿತ್ತು. 400ರ ರೀಲು 100ರ ರೀಲಿಗಿಂತ ನಿಜಕ್ಕೂ ಚುರುಕು, ಅದರ ಬೆಳ್ಳಿಯ ಕಣಗಳೂ ದಪ್ಪ. ಡಬ್ಬಿಯ ಮೇಲೆ 100/21° ಎಂದು ಬರೆದಿರುತ್ತಿದ್ದರು. ಮೊದಲನೆಯದು ಅಮೆರಿಕನ್ನರ ಹಳೆಯ ಎಎಸ್ಎ ಲೆಕ್ಕ, ಎರಡನೆಯದು ಜರ್ಮನ್ನರ ಡಿಐಎನ್ ಲೆಕ್ಕ. ಎರಡನ್ನೂ ಸೇರಿಸಿದ್ದು ಐಎಸ್‌ಒ. ಡಿಜಿಟಲ್ ಬಂದಾಗ ಅಂಕಿಗಳನ್ನು ಹಾಗೇ ಉಳಿಸಿಕೊಂಡರು, ನಮ್ಮಂಥವರಿಗೆ ಅನುಕೂಲವಾಗಲಿ ಅಂತ.

ಮೂಲೆಯೋದುಗ

ತುಂಬಾ ದಿನದಿಂದ ಸುಮ್ನೆ ಓದುತ್ತಿದ್ದೆ. ನನ್ನದೂ ಒಂದು ಪ್ರಶ್ನೆ. 50 ಮಿ.ಮೀ. ಲೆನ್ಸ್ ನನ್ನ ಕ್ಯಾಮೆರಾದಲ್ಲಿ 75 ಆಗುತ್ತದೆ ಎನ್ನುತ್ತಾರಲ್ಲ, ಲೆನ್ಸ್ ಹೇಗೆ ಬದಲಾಗುತ್ತದೆ?

ಹಕ್ಕಿಬೆನ್ನಿಗೆ

ಬದಲಾಗುವುದಿಲ್ಲ. 50 ಯಾವ ಕ್ಯಾಮೆರಾಗೆ ಹಾಕಿದರೂ 50ವೇ. ಬದಲಾಗುವುದು ಎದುರಿನ ನೋಟದಲ್ಲಿ ಎಷ್ಟು ಭಾಗ ಸೆನ್ಸರಿನ ಮೇಲೆ ಹಿಡಿಸುತ್ತದೆ ಅನ್ನುವುದು. ಫುಲ್ ಫ್ರೇಮ್ ಸೆನ್ಸರ್ 36×24 ಮಿ.ಮೀ. ನಿಮ್ಮದು ಎಪಿಎಸ್-ಸಿ, ಸುಮಾರು 23.5×15.6. ಅದೇ ನೋಟದ ಅಂಚುಗಳನ್ನು ಕತ್ತರಿಸಿ ನಡುಭಾಗ ಮಾತ್ರ ಇಟ್ಟುಕೊಂಡ ಹಾಗೆ. 36ನ್ನು 23.5ರಿಂದ ಭಾಗಿಸಿದರೆ ಸುಮಾರು 1.5. ಅದೇ ಕ್ರಾಪ್ ಫ್ಯಾಕ್ಟರ್. 50ಕ್ಕೆ 1.5 ಗುಣಿಸಿದರೆ 75. ಫುಲ್ ಫ್ರೇಮಿನಲ್ಲಿ 75ರ ಲೆನ್ಸ್ ಎಷ್ಟು ನೋಟ ಕೊಡುತ್ತದೋ ಅಷ್ಟೇ ನೋಟ ನಿಮಗೆ 50ರಲ್ಲಿ ಸಿಗುತ್ತದೆ ಅಂತ ಅರ್ಥ.

ಹಕ್ಕಿ ತೆಗೆಯುವಾಗ ಈ ಕತ್ತರಿ ನನಗೆ ಇಷ್ಟ. ಚಿಕ್ಕ ಮನೆಯೊಳಗೆ ನಾಲ್ಕು ಜನರನ್ನು ನಿಲ್ಲಿಸಿ ತೆಗೆಯುವವರಿಗೆ ಇದೇ ಕಷ್ಟ.

ಹಳೇರೀಲು

36×24 ಎಲ್ಲಿಂದ ಬಂತು ಅನ್ನುವುದೂ ಒಂದು ಕಥೆ. ಸಿನಿಮಾಕ್ಕೆ ಬಳಸುತ್ತಿದ್ದ 35 ಮಿ.ಮೀ. ರೀಲನ್ನು ಓಸ್ಕರ್ ಬಾರ್ನಾಕ್ ಎಂಬ ಜರ್ಮನ್ ಕುಶಲಿ ಅಡ್ಡಡ್ಡ ಓಡಿಸಿ ಚಿಕ್ಕ ಕ್ಯಾಮೆರಾ ಮಾಡಿದರು. ಅದು 1925ರಲ್ಲಿ ಲೈಕಾ ಎಂಬ ಹೆಸರಲ್ಲಿ ಮಾರುಕಟ್ಟೆಗೆ ಬಂತು. ಆ ಚೌಕಟ್ಟಿನ ಅಳತೆಯನ್ನೇ ನಾವು ಇವತ್ತಿಗೂ ಫುಲ್ ಎನ್ನುತ್ತಿದ್ದೇವೆ.

ಹೊಸಗಣ್ಣು

ಮೂರು ದಿನದ ಪ್ರಯೋಗದ ನಂತರ ಬಂದೆ. 18ಕ್ಕೆ ಇಟ್ಟೆ, ಐಎಸ್‌ಒ 3200, ದೀಪ ಹತ್ತಿರ ತಂದೆ. 1/250 ಸಿಕ್ಕಿತು! ಹತ್ತರಲ್ಲಿ ಏಳು ಚೂಪಾಗಿವೆ. ಹತ್ತಿರದಿಂದ 18ರಲ್ಲಿ ತೆಗೆದದ್ದಕ್ಕೆ ಮೂಗು ಮಾತ್ರ ಸ್ವಲ್ಪ ದೊಡ್ಡದಾಗಿ ಕಾಣುತ್ತದೆ.

ಎರಡು ಹೊಸ ಸಮಸ್ಯೆ. ಮಗಳು ಬಿಳಿ ಗೋಡೆಯ ಮುಂದೆ ಬಿಳಿ ಅಂಗಿ ಹಾಕಿ ನಿಂತಿದ್ದಳು. ಫೋಟೊದಲ್ಲಿ ಎಲ್ಲ ಬೂದಿ ಬಣ್ಣ. ಅದೇ ನಮ್ಮ ಕರಿ ಬೆಕ್ಕನ್ನು ತೆಗೆದರೆ ಅದೂ ಬೂದಿ! ಮತ್ತೆ, ದೀಪದ ಕೆಳಗೆ ಎಲ್ಲವೂ ಹಳದಿ.

ಬಣ್ಣದಡಬ್ಬಿ

ನಾನು ಸ್ಟುಡಿಯೊದಲ್ಲಿ ಕೆಲಸ ಮಾಡುವವಳು, ಈ ಎರಡಕ್ಕೂ ಉತ್ತರ ಹೇಳುತ್ತೇನೆ.

ಮೊದಲು ಮೂಗು. ಅದು ಲೆನ್ಸಿನ ತಪ್ಪಲ್ಲ, ನೀವು ನಿಂತ ದೂರದ್ದು. ಅರ್ಧ ಮೀಟರಿನಿಂದ ನೋಡಿದರೆ ಮೂಗು ಕಿವಿಗಿಂತ ನಿಮಗೆ ತುಂಬಾ ಹತ್ತಿರ. ಎರಡು ಮೀಟರ್ ಹಿಂದೆ ಹೋದರೆ ಆ ವ್ಯತ್ಯಾಸ ಕರಗುತ್ತದೆ. ಯಾರಾದರೂ 50 ಮಿ.ಮೀ. ಎಫ್/1.8 ಪ್ರೈಮ್ ಲೆನ್ಸನ್ನು ಎರಡು ದಿನಕ್ಕೆ ಕೊಡುತ್ತಾರಾ ಕೇಳಿ. ಎಫ್/5.6ಕ್ಕಿಂತ ಮೂರು ಸ್ಟಾಪಿಗೂ ಜಾಸ್ತಿ ಬೆಳಕು ಅದರಿಂದ ಸಿಗುತ್ತದೆ.

ಇನ್ನು ಬೂದಿ ಬಣ್ಣ. ಕ್ಯಾಮೆರಾದ ಮೀಟರಿಗೆ ಅಂಗಿ ಬಿಳಿಯೋ ಕಪ್ಪೋ ಗೊತ್ತಿಲ್ಲ. ಎದುರಿಂದ ಎಷ್ಟು ಬೆಳಕು ವಾಪಸ್ ಬರುತ್ತಿದೆ ಅಂತ ಮಾತ್ರ ಅದಕ್ಕೆ ಗೊತ್ತು. ಲೋಕದ ನೋಟವೆಲ್ಲ ಸರಾಸರಿಯಲ್ಲಿ ನಡು ಬೂದಿಯ ಆಸುಪಾಸು ಇರುತ್ತದೆ ಅಂತ ಅದು ನಂಬಿಕೊಂಡಿದೆ. ಫೋಟೊಗ್ರಾಫರುಗಳು ಬಳಸುವ ಬೂದಿ ಕಾರ್ಡು ಶೇಕಡಾ 18ರಷ್ಟು ಬೆಳಕನ್ನು ವಾಪಸ್ ಕಳಿಸುವುದು ಇದೇ ಕಾರಣಕ್ಕೆ. ಬಿಳಿ ಗೋಡೆ ಕಂಡಾಗ ಅಯ್ಯೋ ಬೆಳಕು ಜಾಸ್ತಿಯಾಯಿತು ಅಂತ ಇಳಿಸುತ್ತದೆ. ಕರಿ ಬೆಕ್ಕು ಕಂಡಾಗ ಕತ್ತಲು ಅಂತ ಏರಿಸುತ್ತದೆ. ಎರಡೂ ಬೂದಿ!

ಪ್ಲಸ್ ಮೈನಸ್ ಗುರುತಿರುವ ಒಂದು ಗುಂಡಿ ಶಟರ್ ಗುಂಡಿಯ ಹತ್ತಿರವೇ ಇರುತ್ತದೆ. ಅದು ಎಕ್ಸ್‌ಪೋಶರ್ ಕಾಂಪೆನ್ಸೇಶನ್. ಅಲ್ಲಿನ ಅಂಕಿಗಳೂ ಸ್ಟಾಪ್‌ಗಳೇ. ಬಿಳಿ ಗೋಡೆಗೆ ಪ್ಲಸ್ 1, ಕರಿ ಬೆಕ್ಕಿಗೆ ಮೈನಸ್ 1. ಆಟೋ ಮೋಡಿನಲ್ಲಿ ಇದು ಕೆಲಸ ಮಾಡದೇ ಇರಬಹುದು, ಪಿ (ಶಟರ್, ಅಪರ್ಚರ್ ಎರಡನ್ನೂ ಕ್ಯಾಮೆರಾ ಆರಿಸುತ್ತದೆ) ಅಥವಾ ಎ (ಅಪರ್ಚರ್ ನೀವು ಆರಿಸುತ್ತೀರಿ) ಮೋಡಿಗೆ ಬನ್ನಿ. ತೆಗೆದ ಮೇಲೆ ಹಿಸ್ಟೋಗ್ರಾಮ್ ನೋಡಿ, ಚಿತ್ರದಲ್ಲಿ ಕಪ್ಪಿನಿಂದ ಬಿಳಿಯ ತನಕ ಯಾವುದು ಎಷ್ಟಿದೆ ಅಂತ ತೋರಿಸುವ ನಕ್ಷೆ ಅದು. ಎಡಗಡೆ ಕಪ್ಪು, ಬಲಗಡೆ ಬಿಳಿ, ನಡುವೆ ಗುಡ್ಡ. ಗುಡ್ಡ ಬಲ ಅಂಚಿಗೆ ಒತ್ತಿಕೊಂಡು ಕತ್ತರಿಸಿ ಹೋಗಿದ್ದರೆ ಬಿಳಿ ಭಾಗಗಳಲ್ಲಿ ಏನೂ ಉಳಿದಿಲ್ಲ. ಪರದೆಯ ಹೊಳಪನ್ನು ನಂಬಬೇಡಿ, ಕತ್ತಲಲ್ಲಿ ಎಲ್ಲ ಚಿತ್ರವೂ ಬೆಳ್ಳಗೇ ಕಾಣುತ್ತದೆ.

ಹಳದಿಗೆ ವೈಟ್ ಬ್ಯಾಲೆನ್ಸ್. ಬೆಳಕಿನ ಬಣ್ಣವನ್ನು ಕೆಲ್ವಿನ್ ಲೆಕ್ಕದಲ್ಲಿ ಹೇಳುತ್ತಾರೆ. ಹಳೆಯ ತಂತಿ ಬಲ್ಬು 2800ರ ಸುತ್ತಮುತ್ತ, ನಡು ಹಗಲಿನ ಬಿಸಿಲು 5500ರ ಸುತ್ತಮುತ್ತ. ನಮ್ಮ ಮೆದುಳು ಇದನ್ನು ತಾನೇ ಸರಿದೂಗಿಸಿಕೊಳ್ಳುತ್ತದೆ. ಕ್ಯಾಮೆರಾಗೆ ನೀವು ಹೇಳಬೇಕು. ಬಲ್ಬಿನ ಚಿತ್ರವಿರುವ ಆಯ್ಕೆ ಇಡಿ. ಹಳದಿಯನ್ನು ಪೂರ್ತಿ ತೆಗೆಯಬೇಡಿ ಅನ್ನುವುದು ನನ್ನ ಅಭಿಪ್ರಾಯ. ರಾತ್ರಿಯ ದೀಪ ರಾತ್ರಿಯ ದೀಪದ ಹಾಗೇ ಇರಲಿ.

ಮೂಲೆಯೋದುಗ

ಇದಕ್ಕೆಲ್ಲ ರಾ ಫೈಲಿನಲ್ಲಿ (ಸೆನ್ಸರ್ ಹಿಡಿದದ್ದನ್ನು ಹಾಗೇ ಉಳಿಸುವ ಫೈಲ್) ತೆಗೆದರೆ ಆಮೇಲೆ ಸರಿಮಾಡಬಹುದಲ್ವಾ?

ಬಣ್ಣದಡಬ್ಬಿ

ವೈಟ್ ಬ್ಯಾಲೆನ್ಸನ್ನು ಖಂಡಿತ ಮಾಡಬಹುದು. ಜೆಪೆಗ್‌ನಲ್ಲಿ ಒಂದೊಂದು ಬಣ್ಣಕ್ಕೆ 256 ಮೆಟ್ಟಿಲು, 14 ಬಿಟ್ ರಾ ಫೈಲಿನಲ್ಲಿ 16,384. ತಿದ್ದಲು ಜಾಗ ಜಾಸ್ತಿ. ಆದರೆ ಅಲುಗಿದ ಮಗುವನ್ನು, ತಪ್ಪಿದ ಫೋಕಸನ್ನು ರಾ ಕೂಡ ಸರಿಮಾಡುವುದಿಲ್ಲ. ಹೊಸಬರು ಎರಡು ತಿಂಗಳು ಜೆಪೆಗ್‌ನಲ್ಲೇ ತೆಗೆಯಲಿ.

ಹಕ್ಕಿಬೆನ್ನಿಗೆ

ಮೋಡ್ ಬಗ್ಗೆ: ನನ್ನ ಸಲಹೆ ಎಸ್. ಶಟರ್ ನೀವು ಇಡಿ, 1/250. ಉಳಿದದ್ದು ಕ್ಯಾಮೆರಾ ನೋಡಿಕೊಳ್ಳಲಿ. ಕೆಲವು ಕಂಪನಿಗಳು ಇದಕ್ಕೆ ಟಿವಿ ಎನ್ನುತ್ತವೆ, ಟೈಮ್ ವ್ಯಾಲ್ಯೂ ಅಂತ.

ಬಣ್ಣದಡಬ್ಬಿ

ಮನೆಯೊಳಗೆ ನಾನು ಎ ಎನ್ನುತ್ತೇನೆ. ಎಸ್ ಮೋಡಿನಲ್ಲಿ ಬೆಳಕು ಸಾಲದೇ ಹೋದರೆ ಕ್ಯಾಮೆರಾ ಲೆನ್ಸನ್ನು ಪೂರ್ತಿ ತೆರೆಯುತ್ತದೆ, ಐಎಸ್‌ಒ ಮಿತಿ ಮುಟ್ಟುತ್ತದೆ, ಆಮೇಲೆ ಚಿತ್ರ ಕಪ್ಪಾಗುತ್ತದೆ. ಎ ಮೋಡಿನಲ್ಲಿ ಅಪರ್ಚರ್ ನಿಮ್ಮ ಕೈಯಲ್ಲಿ. ಆಟೋ ಐಎಸ್‌ಒ ಹಾಕಿ, ಶಟರ್ 1/200ಕ್ಕಿಂತ ಇಳಿಯಬಾರದು ಅಂತ ಮೆನುವಿನಲ್ಲಿ ಹೇಳಿಬಿಡಿ. ಎಷ್ಟು ಭಾಗ ಚೂಪಾಗಿರಬೇಕು ಅನ್ನುವುದೂ ಅಪರ್ಚರಿನ ಕೈಯಲ್ಲೇ ಇದೆಯಲ್ಲ.

ಹಕ್ಕಿಬೆನ್ನಿಗೆ

ಶಟರಿಗೆ ಹಾಗೆ ಮಿತಿ ಹಾಕಬಹುದಾದರೆ ನಿಮ್ಮ ದಾರಿಯೇ ಒಳ್ಳೆಯದು. ಹಾರುವ ಹಕ್ಕಿಗೆ ಮಾತ್ರ ನಾನು ಎಸ್ ಬಿಡುವುದಿಲ್ಲ.

ಮೂಲೆಯೋದುಗ

ಇನ್ನೊಂದೇ ಒಂದು. ಹೊರಗಿನ ಫ್ಲ್ಯಾಷ್ ಹಾಕಿ 1/500ರಲ್ಲಿ ತೆಗೆದೆ. ಚಿತ್ರದ ಒಂದು ಅಂಚಿನಲ್ಲಿ ದಪ್ಪ ಕಪ್ಪು ಪಟ್ಟಿ ಬಂತು. ಶಟರ್ ಹಾಳಾಯಿತಾ?

ರಿಪೇರಿಮೇಜು

ಇಲ್ಲ, ಚೆನ್ನಾಗಿದೆ. ಶಟರಿಗೆ ಎರಡು ಪರದೆ ಎಂದೆನಲ್ಲ. ನಿಧಾನದ ವೇಗದಲ್ಲಿ ಮೊದಲನೆಯದು ಪೂರ್ತಿ ತೆರೆದ ಮೇಲೆ ಎರಡನೆಯದು ಹೊರಡುತ್ತದೆ. ನಡುವೆ ಒಂದು ಕ್ಷಣ ಸೆನ್ಸರ್ ಪೂರ್ತಿ ಬಯಲಾಗಿರುತ್ತದೆ. ಆ ಕ್ಷಣದಲ್ಲೇ ಫ್ಲ್ಯಾಷ್ ಮಿನುಗಬೇಕು. 1/500ರಲ್ಲಿ ಮೊದಲನೆಯದು ಇನ್ನೂ ದಾರಿಯಲ್ಲಿರುವಾಗಲೇ ಎರಡನೆಯದು ಹಿಂದೆಯೇ ಹೊರಡುತ್ತದೆ. ಸೆನ್ಸರ್ ಮೇಲೆ ಒಂದು ಸೀಳು ಮಾತ್ರ ಓಡುತ್ತದೆ. ಫ್ಲ್ಯಾಷ್ ಮಿನುಗಿದಾಗ ಪರದೆ ಮುಚ್ಚಿದ್ದ ಭಾಗವೇ ನಿಮ್ಮ ಕಪ್ಪು ಪಟ್ಟಿ. ಸೆನ್ಸರ್ ಪೂರ್ತಿ ಬಯಲಾಗಿರುವ ಅತಿ ಚುರುಕು ವೇಗಕ್ಕೆ ಸಿಂಕ್ ಸ್ಪೀಡ್ ಎನ್ನುತ್ತಾರೆ. ಸಾಮಾನ್ಯವಾಗಿ 1/160ರಿಂದ 1/250ರ ನಡುವೆ ಇರುತ್ತದೆ. 1/160ಕ್ಕೆ ಇಟ್ಟು ಇನ್ನೊಂದು ತೆಗೆದು ನೋಡಿ.

ಮೂಲೆಯೋದುಗ

ಪಟ್ಟಿ ಹೋಯಿತು!

ಹೊಸಗಣ್ಣು

ಗೆಳತಿಯಿಂದ 50 ಎಫ್/1.8 ಲೆನ್ಸ್ ಸಿಕ್ಕಿತು. ಎ ಮೋಡ್, ಎಫ್/1.8, ಶಟರ್ ಮಿತಿ 1/200. ಹಿಂದಿನ ಪರದೆ ಎಷ್ಟು ಚೆಂದ ಕರಗಿದೆ ಅಂದರೆ ನೋಡುತ್ತಲೇ ಇದ್ದೇನೆ. ಇದಕ್ಕೇ ಬೊಕೆ ಎನ್ನುವುದು ಅಲ್ವಾ? ಐದು ಫೋಟೊ ಹಾಕಿದ್ದೇನೆ, ತಪ್ಪಿದ್ದರೆ ಹೇಳಿ.

ಹಳೇರೀಲು

ಹೌದು, ಜಪಾನಿ ಪದ, ಮಸುಕು ಅಂತ ಅರ್ಥ. ಎರಡನೇ ಚಿತ್ರ ಮತ್ತೆ ಮತ್ತೆ ನೋಡಿದೆ. ದೀಪದ ಕಡೆಗಿನ ಕೆನ್ನೆ, ಅವಳ ಅರೆಬಾಯಿ ನಗು, ಎಲ್ಲ ಬಂದಿದೆ.

ಐದನೆಯದರಲ್ಲಿ ಕಿವಿ ಚೂಪಾಗಿದೆ, ಕಣ್ಣು ಮೆತ್ತಗಿದೆ. ಅವಳೂ ಅಲುಗಿಲ್ಲ, ನೀವೂ ಅಲುಗಿಲ್ಲ. ಒಂದೂವರೆ ಮೀಟರ್ ದೂರದಿಂದ ಎಫ್/1.8ರಲ್ಲಿ ಚೂಪಾಗಿ ಬರುವ ಆಳ ಆರೇಳು ಸೆಂಟಿಮೀಟರ್ ಅಷ್ಟೇ. ಎಫ್/5.6ರಲ್ಲಿ ಅದು ಸುಮಾರು ಇಪ್ಪತ್ತು ಸೆಂಟಿಮೀಟರ್ ಇರುತ್ತದೆ. ಇದಕ್ಕೇ ಡೆಪ್ತ್ ಆಫ್ ಫೀಲ್ಡ್ ಎನ್ನುವುದು. ಫೋಕಸ್ ಚುಕ್ಕಿ ಯಾವುದರ ಮೇಲಿತ್ತು?

ಹೊಸಗಣ್ಣು

ಈಗ ನೋಡಿದೆ. ಚುಕ್ಕಿಯನ್ನು ಕ್ಯಾಮೆರಾವೇ ಆರಿಸಿಕೊಂಡಿದೆ, ಸರಿಯಾಗಿ ಕಿವಿಯ ಮೇಲೆ ಕೂತಿದೆ. ಒಂದೇ ಚುಕ್ಕಿ ಆರಿಸುವ ಆಯ್ಕೆ ಪುಸ್ತಕದಲ್ಲಿ ಸಿಕ್ಕಿತು. ಹಿಂಬದಿಯ ಬಾಣದ ಗುಂಡಿಯಿಂದ ಸರಿಸಬಹುದಂತೆ. ಅವಳು ಎದ್ದ ಮೇಲೆ ಹತ್ತಿರದ ಕಣ್ಣಿನ ಮೇಲಿಟ್ಟು, ಎಫ್/2.8ರಲ್ಲಿ ತೆಗೆದು ಹಾಕುತ್ತೇನೆ.